ದುಂಡವ್ವನ ಸೋರೆಬುರುಡೆ

ನಾನು ಒಂದು ಸೋರೆಬುರುಡೆ. ಹೆಸರು ಕೇಳಿದೊಡನೆ, ಇದು ಬರೀ ಬುರುಡೆ ಬಿಡುತ್ತದೆ ಎಂದು ನಗಬೇಡಿ. ಒಳಗೆ ಟೊಳ್ಳಾಗಿರುವುದು ನಿಜ. ಆದರೆ ಆ ಟೊಳ್ಳಿನಲ್ಲಿ ಏನಿಟ್ಟುಕೊಂಡು ಬದುಕಿದೆ ಎಂಬುದನ್ನು ಕೇಳಿದ ಮೇಲೆ ನಗುವುದಾದರೆ ನಗಿ.

ನಾನು ಹುಟ್ಟಿದ್ದು ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ, ದುಂಡವ್ವ ಎಂಬ ಹೆಣ್ಣುಮಗಳ ಬಚ್ಚಲುಮನೆಯ ಮೇಲೆ ಹಬ್ಬಿದ್ದ ಬಳ್ಳಿಯಲ್ಲಿ. ನನ್ನ ಒಡಹುಟ್ಟಿದವರೆಲ್ಲ ಎಳೆಯರಿದ್ದಾಗಲೇ ಪಲ್ಯವಾಗಿ ಹೋದರು. ನನ್ನ ಸರದಿ ಬಂದಾಗ ದುಂಡವ್ವ ಉಗುರಿನಿಂದ ಒಮ್ಮೆ ಒತ್ತಿ ನೋಡಿದಳು, ಕತ್ತು ಸವರಿದಳು. ಹಳೆಯ ಸೀರೆಯ ಅಂಚು ಹರಿದು ತೊಟ್ಟಿಗೆ ಕಟ್ಟಿದಳು. ಆ ಚಿಂದಿ ಕಟ್ಟಿದ ಕಾಯಿಯನ್ನು ಮನೆಯವರು ಯಾರೂ ಕೀಳುವಂತಿಲ್ಲ. ನಾನು ಬಳ್ಳಿಯಲ್ಲೇ ಬಲಿತು, ಬಳ್ಳಿಯೊಂದಿಗೇ ಒಣಗಿದೆ.

ಆಮೇಲಿನದು ಅಷ್ಟು ಸುಖದ ನೆನಪಲ್ಲ. ಕತ್ತಿನ ತುದಿ ಕೊಯ್ದರು, ಒಳಗಿನ ತಿರುಳು ಕೆರೆದರು, ನೀರು ಮತ್ತು ಹರಳುಕಲ್ಲು ಹಾಕಿ ಗಡಗಡ ಕುಲುಕಿದರು. ಬಿಸಿಲಿನಲ್ಲಿ ಒಣಗಿ ಬಣಬಣ ಆದ ಮೇಲೆ ದುಂಡವ್ವ ಕುಳ್ಳಿನ ಬೂದಿಯನ್ನು ಹಳೆಯ ಧೋತರದಲ್ಲಿ ಜರಡಿ ಹಿಡಿದು, ಬೇವಿನ ಎಲೆ ಸೇರಿಸಿ, ಅದರಲ್ಲಿ ಮುಳಗಾಯಿಯ ಬೀಜ ಕಲಸಿ ನನ್ನೊಳಗೆ ತುಂಬಿದಳು. ಆ ಕಡೆ ಬದನೆಕಾಯಿಗೆ ಮುಳಗಾಯಿ ಎನ್ನುತ್ತಾರೆ. ಬಾಯಿಗೆ ಗೋವಿನಜೋಳದ ಬೆಂಡು ತುರುಕಿ ಅಡುಗೆಮನೆಯ ಗೂಟಕ್ಕೆ ನೇತುಹಾಕಿದಳು. ಅಂದಿನಿಂದ ನಾನು ಮನುಷ್ಯರನ್ನು ನೋಡಿದ್ದೆಲ್ಲ ಮೇಲಿನಿಂದಲೇ. ಯಾರ ಬೈತಲೆ ಯಾವಾಗ ಬೆಳ್ಳಗಾಯಿತು ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ದುಂಡವ್ವನ ಹಿತ್ತಲಲ್ಲಿ ಇಲ್ಲದ್ದು ಏನೂ ಇರಲಿಲ್ಲ. ಬೇಲಿಗೆ ಹೀರೆ, ಮಡಿಗಳಲ್ಲಿ ಮೆಂತ್ಯೆ, ರಾಜಗಿರಿ, ಸಬ್ಬಸಗಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ದೊಡ್ಡಪತ್ರೆ, ದಾರಿಯ ಎರಡೂ ಅಂಚಿಗೆ ಅಬ್ಬಲಿಗೆ ಮತ್ತು ಸೇವಂತಿಗೆ. ಆದರೆ ಮನೆಯ ಜಂಬವೆಲ್ಲ ಮುಳಗಾಯಿಯದು. ಮಗುವಿನ ಮುಷ್ಟಿಯಷ್ಟು ಗಾತ್ರ, ಹಸಿರು ಮೈಗೆ ಬಿಳಿ ಗೆರೆ, ತೊಟ್ಟಿನ ತುಂಬ ಮುಳ್ಳು. ಎಣ್ಣೆಗಾಯಿ ಮಾಡಿದರೆ ಬೆಣ್ಣೆಯ ಹಾಗೆ ಕರಗುತ್ತಿತ್ತಂತೆ. ನಾನಂತೂ ತಿಂದಿಲ್ಲ, ತಿಂದವರ ಮುಖ ಕಂಡು ಹೇಳುತ್ತಿದ್ದೇನೆ. ರೋಹಿಣಿ ಮಳೆ ಹಿಡಿದಾಗ ನನ್ನನ್ನು ಇಳಿಸಿ ಬೀಜ ತೆಗೆಯುತ್ತಿದ್ದರು. ಓಣಿಯವರು ಕೇಳಿದರೆ ಇಲ್ಲ ಎನ್ನುವ ಪದ್ಧತಿಯಿರಲಿಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ. ಒಯ್ದವರು ಮರುವರ್ಷ ತಮ್ಮ ಗಿಡದ ಬೀಜವನ್ನು ಚೂರು ಹೆಚ್ಚಾಗಿಯೇ ತಂದು ನನ್ನೊಳಗೆ ಹಾಕಿ ಹೋಗುತ್ತಿದ್ದರು.

ಹೀಗಿರುವಾಗ ಅಣೆಕಟ್ಟಿನ ಹಿನ್ನೀರು ಬಂತು. ಊರು ಮುಳುಗುತ್ತದೆ ಎಂದು ವರ್ಷಗಟ್ಟಲೆ ಹೇಳುತ್ತಿದ್ದರು, ಯಾರೂ ಪೂರ್ತಿ ನಂಬಿರಲಿಲ್ಲ. ನಂಬುವ ದಿನ ಬಂದಾಗ ಟ್ರ್ಯಾಕ್ಟರುಗಳೂ ಬಂದವು. ಒಂದೇ ಓಣಿಯವರಿಗೆ ಬೇರೆ ಬೇರೆ ಪುನರ್ವಸತಿ ಕೇಂದ್ರಗಳಲ್ಲಿ ಜಾಗ ಸಿಕ್ಕಿತು. ದುಂಡವ್ವ ಬೀಸುಕಲ್ಲು ಬಿಟ್ಟಳು, ಬಾಗಿಲ ಚೌಕಟ್ಟು ಬಿಟ್ಟಳು, ನನ್ನನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಟ್ರ್ಯಾಕ್ಟರಿನಲ್ಲಿ ಕೂತಳು. ದಾರಿಯುದ್ದಕ್ಕೂ ಅವಳ ಅಂಗೈ ನನ್ನ ಬಾಯಿಯ ಮೇಲೇ ಇತ್ತು.

ಹೊಸ ಊರಿನದು ಗರಸು ನೆಲ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಮೊದಲ ಮಳೆಗಾಲ ಮುಳಗಾಯಿ ಗಿಡಗಳು ಗೇಣುದ್ದ ಬೆಳೆದು ಸೊರಗಿ ನಿಂತವು, ಮರುವರ್ಷವೂ ಅಷ್ಟೇ. ದುಂಡವ್ವ ಹಟ ಬಿಡಲಿಲ್ಲ. ಸಗಣಿ, ಒಣ ಎಲೆ, ಪಾತ್ರೆ ತೊಳೆದ ನೀರು ಎಲ್ಲವನ್ನೂ ಆ ನೆಲಕ್ಕೇ ಉಣಿಸಿದಳು. ಕೊನೆಗೊಂದು ವರ್ಷ ಕಾಯಿ ಹಿಡಿಯಿತು. ಅಂದು ರೊಟ್ಟಿಯ ಜೊತೆ ಎಣ್ಣೆಗಾಯಿಯ ಮೊದಲ ತುತ್ತು ಬಾಯಿಗಿಟ್ಟವಳೇ ತಟ್ಟೆ ಹಿಡಿದುಕೊಂಡು ಅತ್ತಳು. ಮನೆ, ಬಾವಿ, ಗುಡಿಕಟ್ಟೆ ಎಲ್ಲ ನೀರಿನ ಕೆಳಗಿದ್ದವು. ಊರಿನದೆಂದು ಕೈಯಲ್ಲಿ ಉಳಿದದ್ದು ಆ ರುಚಿಯೊಂದೇ, ಮತ್ತು ಅದರ ಬೀಜ ನನ್ನೊಳಗಿತ್ತು.

ಕೆಲವು ವರ್ಷದ ಮೇಲೆ ದುಂಡವ್ವನ ಮಗ ಸಂಗಪ್ಪನಿಗೆ ಮದುವೆಯಾಯಿತು. ಸೊಸೆಯ ಹೆಸರು ಮಹಾನಂದಾ. ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಯಲ್ಲಿ ಬೆಳೆದ ಹುಡುಗಿ, ಅವಳ ತವರಿನಲ್ಲಿ ತುಳಸಿಯ ಕುಂಡ ಇಡಲೂ ಜಾಗವಿರಲಿಲ್ಲವಂತೆ. ಹಿತ್ತಲು ಕಂಡು ಅವಳಿಗೆ ಹುಚ್ಚು ಹಿಡಿದಂತಾಯಿತು. ಪ್ರೀತಿ ಹೆಚ್ಚಾಗಿ ಕೊತ್ತಂಬರಿಯನ್ನು ನೀರಲ್ಲಿ ಮುಳುಗಿಸಿದಳು, ಕಳೆಯೆಂದುಕೊಂಡು ಸಬ್ಬಸಗಿಯನ್ನೇ ಅರ್ಧ ಮಡಿ ಕಿತ್ತಳು. ದುಂಡವ್ವ ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆ ಒಬ್ಬರು ನೀರು ಹಾಕಿದರೆ ಒಬ್ಬರು ಕಳೆ ಕೀಳುತ್ತಿದ್ದರು. ತಾನು ನೆಟ್ಟ ಅಬ್ಬಲಿಗೆ ಮೊದಲು ಬಿಟ್ಟ ದಿನ ಮಹಾನಂದಾ ಅದನ್ನು ಕಟ್ಟಿ ಅತ್ತೆಗೇ ಮುಡಿಸಿದಳು. ಬೆಳ್ಳಗಾದ ಆ ತುರುಬಿನ ಮೇಲೆ ಕೇಸರಿ ಹೂವು ಎಷ್ಟು ಚೆಂದ ಕಾಣುತ್ತಿತ್ತೆಂದು ಮೇಲಿಂದ ನೋಡಿದ ನನಗೆ ಗೊತ್ತು.

ಮೊದಲ ಯುಗಾದಿ ಬಂತು. ದುಂಡವ್ವ ತಂಗಿಯ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಅತ್ತೆ ಬರುವಷ್ಟರಲ್ಲಿ ಹಿತ್ತಾಳೆ ಪಾತ್ರೆಗಳನ್ನೆಲ್ಲ ಬೆಳಗಿಡಬೇಕೆಂದು ಮಹಾನಂದಾ ಹೊರಟಳು. ಹುಣಸೆಹಣ್ಣು ನೆನೆಹಾಕಿದಳು. ಬಚ್ಚಲ ಒಲೆಯ ಬೂದಿ ತಂದು ನೋಡಿದರೆ ಅದರಲ್ಲಿ ಇದ್ದಿಲು, ಹರಳು. ಅತ್ತೆಯ ಕೊಡಗಳಿಗೆ ಗೀರು ಬಿದ್ದೀತೆಂದು ಅದನ್ನು ಬಿಟ್ಟಳು. ಆಗ ಅವಳ ಕಣ್ಣು ಗೂಟದ ಮೇಲಿದ್ದ ನನ್ನ ಮೇಲೆ ಬಿತ್ತು. ಇಳಿಸಿ, ಬೆಂಡು ತೆಗೆದು, ಬೆರಳು ಅದ್ದಿದಳು. ನುಣ್ಣನೆಯ, ಜರಡಿ ಹಿಡಿದ ಬೂದಿ. ಹಬ್ಬಕ್ಕೆಂದೇ ಅತ್ತೆ ತೆಗೆದಿಟ್ಟಿದ್ದಾರೆ ಎಂದುಕೊಂಡಳು ಪಾಪ. ಬೂದಿ ಹತ್ತಿದ ಮುಳಗಾಯಿ ಬೀಜ ಬೂದಿಯ ಹಾಗೆಯೇ ಕಾಣುತ್ತದೆ, ತೋರಿಸಿಕೊಟ್ಟವರಿಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಬಾಯಿ ಇದೆ, ಮಾತಿಲ್ಲ. ಅವಳು ನನ್ನನ್ನು ಬೋರಲು ಹಾಕಿ ಕೊನೆಯ ಚಿಟಿಕೆಯವರೆಗೂ ತಟ್ಟಿ ತೆಗೆದಳು. ಹುಣಸೆಹುಳಿಯೊಂದಿಗೆ ತಿಕ್ಕಿದ ಬೀಜವೆಲ್ಲ ತೊಳೆದ ನೀರಿನೊಂದಿಗೆ ರಸ್ತೆಯ ಸಿಮೆಂಟು ಗಟಾರಕ್ಕೆ ಹರಿದುಹೋಯಿತು. ಕೊನೆಗೆ ನನ್ನನ್ನೂ ತೊಳೆದು ಬಿಸಿಲಿಗಿಟ್ಟಳು.

ಸಂಜೆ ದುಂಡವ್ವ ಬಂದಳು. ಸಾಲಾಗಿ ಹೊಳೆಯುತ್ತಿದ್ದ ಕೊಡ, ತಂಬಿಗೆಗಳನ್ನು ಕಂಡು ಅವಳ ಮುಖವೂ ಹೊಳೆಯಿತು.

"ಬಂಗಾರ ಮಾಡಿಟ್ಟೀಯಲ್ಲ ಯವ್ವಾ," ಎಂದಳು. ಅಷ್ಟರಲ್ಲಿ ಕಟ್ಟೆಯ ಮೇಲೆ ಬೋರಲಾಗಿದ್ದ ನನ್ನನ್ನು ನೋಡಿದಳು. "ಇದರಾಗಿನ ಬೂದಿ?"

"ಅದರಲೇ ಕೊಡ ತಿಕ್ಕೀನ್ರಿ ಅತ್ತೀ. ಭಾಳ ನುಣ್ಣಗಿತ್ತು."

ದುಂಡವ್ವ ನನ್ನನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಒಳಗೆ ಬೆರಳು ಆಡಿಸಿದಳು. ಸುತ್ತಲೂ ಸವರಿದಳು. ಹೊತ್ತಾಯಿತು, ದೀಪ ಹಚ್ಚು ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂಗತಿ ಏನೆಂದು ಮರುದಿನ ಸಂಗಪ್ಪ ಹೆಂಡತಿಗೆ ಹೇಳಿದ. ಹಿತ್ತಲಲ್ಲಿ ಮುಳಗಾಯಿಯ ಒಂದು ಗಿಡವೂ ಉಳಿದಿರಲಿಲ್ಲ, ಬೇಸಿಗೆಗೆ ನಲ್ಲಿ ನೀರು ಸಾಲದೆಂದು ಶಿವರಾತ್ರಿಯ ಹೊತ್ತಿಗೇ ಕಿತ್ತಿದ್ದರು. ಪೇಟೆಯಲ್ಲಿ ಪ್ಯಾಕೆಟ್ ಬೀಜ ಸಿಗುತ್ತದೆ, ಅದಕ್ಯಾಕೆ ಅಷ್ಟು ಚಿಂತೆ ಎಂದು ಅವನು ಸಮಾಧಾನ ಮಾಡಿದ. ಹಬ್ಬದ ಹೋಳಿಗೆಯನ್ನು ಮಹಾನಂದಾ ತಟ್ಟೆಯಲ್ಲೇ ಬಿಟ್ಟೆದ್ದಳು. ಅತ್ತೆ ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ದುಂಡವ್ವ ಎಂದಿನಂತೆ ಮಾತನಾಡುತ್ತಿದ್ದಳು, ಹಿತ್ತಲಿಗೆ ಮಾತ್ರ ಇಳಿಯುತ್ತಿರಲಿಲ್ಲ.

ಒಂದು ವಾರ ನೋಡಿ ಮಹಾನಂದಾ ಅತ್ತೆಯ ಮುಂದೆ ಕೂತಳು. ಹಳೆಯ ಊರಲ್ಲಿ ಯಾರ್ಯಾರಿಗೆ ಈ ಬೀಜ ಕೊಟ್ಟಿದ್ದಿರಿ, ಹೇಳಿ, ಹುಡುಕೋಣ ಎಂದಳು. ಅತ್ತೆ ಸೊಸೆ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಆ ಕೇಂದ್ರ ಈ ಕೇಂದ್ರ ಎಂದು ಅಲೆದರು. ಒಂದು ಮನೆಯಲ್ಲಿ ಹಿತ್ತಲಿಗೆಲ್ಲ ಸಿಮೆಂಟು ಬಳಿದು ಮೋಟರ್‌ಸೈಕಲ್ ನಿಲ್ಲಿಸಿದ್ದರು. ಇನ್ನೊಂದರಲ್ಲಿ ಮಿರಿಮಿರಿ ಮಿಂಚುವ ಉದ್ದನೆಯ ನೇರಳೆ ಕಾಯಿ ತೋರಿಸಿ, ಈಗ ಇದೇ ಛಲೋ ಎಂದರು. ಮತ್ತೊಂದರಲ್ಲಿ ಕೊಟ್ಟ ನೆನಪಿದ್ದ ಮುದುಕಿಯೇ ತೀರಿಹೋಗಿದ್ದಳು. ಎಲ್ಲೆಡೆ ಚಹಾ ಕೊಟ್ಟರು, ಊರು ನೆನೆದು ಕಣ್ಣೀರು ಹಾಕಿದರು. ಬೀಜ ಎಲ್ಲಿಯೂ ಇರಲಿಲ್ಲ.

ಉಳಿದದ್ದು ಒಂದೇ ಹೆಸರು, ಮಾಬೂಬಿ. ಅವಳ ಮನೆಗೆ ಮಾತ್ರ ನಾನು ಬರುವುದಿಲ್ಲ ಎಂದುಬಿಟ್ಟಳು ದುಂಡವ್ವ.

ಹಳೆಯ ಊರಲ್ಲಿ ಇಬ್ಬರದೂ ಗೋಡೆಗೆ ಗೋಡೆ ಹತ್ತಿದ ಹಿತ್ತಲು. ಒಂದೇ ಬಾವಿಯ ನೀರು, ಒಂದೇ ಬಗೆಯ ಕಾಯಿಪಲ್ಲೆ. ಊರು ಬಿಡುವ ವರ್ಷ ಮಾಬೂಬಿಯ ಕೋಳಿ ಬಂದು ದುಂಡವ್ವನ ಸಸಿಮಡಿಯನ್ನು ಕೆದರಿ ಹಾಳುಮಾಡಿತು. ದುಂಡವ್ವ ಕಲ್ಲು ಬೀಸಿದಳು, ಕೋಳಿ ಕುಂಟಿತು. ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ನಿಂತು ಬಾಯಿಗೆ ಬಂದದ್ದು ಆಡಿದರು. ತಪ್ಪು ಕೋಳಿಯದೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಮಾತು ಬಿಟ್ಟವರು ಮತ್ತೆ ಕೂಡಿಕೊಳ್ಳುವ ಮೊದಲೇ ನೀರು ಬಂತು. ಜಗಳ ಬಗೆಹರಿಸಲು ಗೋಡೆಯೂ ಉಳಿಯಲಿಲ್ಲ, ಓಣಿಯೂ ಉಳಿಯಲಿಲ್ಲ.

ಅತ್ತೆಗೆ ಹೇಳದೆ ಮಹಾನಂದಾ ಒಬ್ಬಳೇ ನನ್ನನ್ನು ಎತ್ತಿಕೊಂಡು ಹೊರಟಳು. ಮಾಬೂಬಿಯದು ಸಣ್ಣ ಅಂಗಳ. ಬಣ್ಣದ ಹಳೆಯ ಡಬ್ಬಿಗಳಲ್ಲಿ ಪುದೀನಾ, ಗುಲಾಬಿ, ಮೆಣಸಿನಗಿಡ. ಮೂಲೆಯ ಎರಡು ಡಬ್ಬಿಗಳಲ್ಲಿ ಹಸಿರು ಮೈಯ, ಬಿಳಿ ಗೆರೆಯ ಮುಳಗಾಯಿ ತೂಗುತ್ತಿತ್ತು. ಮಹಾನಂದಾಳ ಕಣ್ಣು ಇನ್ನೂ ಅತ್ತ ಹೋಗಿರಲಿಲ್ಲ. ನಾನು ಗುರುತಿಸಿದೆ. ಮುದುಕಿ ಒಳಗಿನಿಂದ ಬಂದು, ಮಹಾನಂದಾಳನ್ನಲ್ಲ, ಅವಳ ಕೈಯಲ್ಲಿದ್ದ ನನ್ನನ್ನು ನೋಡಿದಳು.

"ಇದು ದುಂಡವ್ವನ ಬುರುಡಿ," ಎಂದಳು. ಅಲ್ಲೇ ಕೆಳಗೆ ಕೂತಳು. "ಯಾವಾಗ ಹೋದ್ಲು?"

"ಎಲ್ಲಿಗ್ರಿ?" ಎಂದಳು ಮಹಾನಂದಾ.

ಬೀಜದ ಬುರುಡೆ ಒಡತಿಯ ಕೈಬಿಟ್ಟು ಸೊಸೆಯ ಕೈಗೆ ಬರುವುದು ಒಡತಿ ತೀರಿಕೊಂಡ ಮೇಲೆಯೇ. ಆ ಕಡೆಯ ಹೆಂಗಸರಿಗೆಲ್ಲ ಇದು ಗೊತ್ತು, ಹುಬ್ಬಳ್ಳಿಯ ಹುಡುಗಿಗೆ ಗೊತ್ತಿರಲಿಲ್ಲ. ಮಾಬೂಬಿ ಸೆರಗು ಬಾಯಿಗೊತ್ತಿಕೊಂಡು, ಒಂದು ಮಾತೂ ಆಡದೆ ಹೋದಳಲ್ಲ ಎಂದು ಅಳತೊಡಗಿದಳು. ಆಗ ಮಹಾನಂದಾಳಿಗೆ ಅರ್ಥವಾಗಿ, ಅತ್ತೆ ಆರಾಮಾಗಿದ್ದಾರೆ ಎಂದು ಗಾಬರಿಯಿಂದ ಹೇಳಿ, ತಾನು ಮಾಡಿದ್ದನ್ನೆಲ್ಲ ಹೇಳಿಕೊಂಡಳು. ಮಾಬೂಬಿ ಕಣ್ಣೊರೆಸಿಕೊಂಡಳು. ಸಮಾಧಾನವಾದ ಕೂಡಲೇ ಸಿಟ್ಟು ಬಂತು.

"ಕೋಳಿ ಸತ್ತು ಎಷ್ಟ ವರ್ಷಾತು. ಆಕೀ ಸಿಟ್ಟ ಇನ್ನೂ ಜೀವಂತ ಐತೇನು? ನಿನ್ನ ಕೈಯಾಗ ಬೀಜಾ ಕೊಡಾಂಗಿಲ್ಲ, ಹೋಗು."

ಖಾಲಿ ಹೊಟ್ಟೆಯ ನನ್ನನ್ನು ಹೊತ್ತು ಮಹಾನಂದಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ನನಗೂ ಅಳು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಮಾಬೂಬಿ ನಿಂತಿದ್ದಳು, ಸೆರಗಿನ ತುದಿಯಲ್ಲಿ ಒಂದು ಗಂಟು. ಅಂದೇ ಬಹಳ ದಿನಗಳ ಮೇಲೆ ದುಂಡವ್ವ ಹಿತ್ತಲಿಗಿಳಿದು ರಾಜಗಿರಿ ಮಡಿಯ ಮುಂದೆ ಕೂತಿದ್ದಳು. ತಲೆಯೆತ್ತಿ ನೋಡಿದಳು. ಮಾಬೂಬಿ ಮಡಿಯ ಕಡೆ ನೋಡಿ, ಭಾಳ ದಟ್ಟ ಹಾಕೀದಿ ಎಂದಳು. ನೀನು ಯಾವಾಗಲೂ ತೆಳ್ಳಗೆ ಹಾಕುವವಳು ಎಂದಳು ದುಂಡವ್ವ, ಮತ್ತು ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟಳು. ಅಷ್ಟರಲ್ಲಿ ಮಹಾನಂದಾ ನನ್ನನ್ನು ತಂದು ಅವರ ನಡುವೆ ಇಟ್ಟು ನಿಂತಳು.

"ಇಷ್ಟ ಜೋಕಿ ಮಾಡಾಕಿ ನೀ," ಎಂದಳು ಮಾಬೂಬಿ, "ನಿನ್ನ ಬುರುಡಿ ಹೆಂಗ ಬರಿದಾತು?"

ಮಹಾನಂದಾ ಬಾಯಿ ತೆರೆದಳು. ದುಂಡವ್ವ ಅವಳಿಗಿಂತ ಮೊದಲೇ ಮಾತನಾಡಿದಳು.

"ನನ್ನ ಕೈಯಾಗಿಂದ ಚೆಲ್ತು. ವಯಸ್ಸಾತು, ಕೈ ನಡಗ್ತಾವ."

ಆ ಕೈಗಳನ್ನು ನಾನು ಬಲ್ಲೆ, ಅವು ಎಂದೂ ನಡುಗಿದವಲ್ಲ. ನಡೆದದ್ದೇನೆಂದು ಮಾಬೂಬಿಗೂ ಗೊತ್ತಿತ್ತು. ಅವಳು ಒಮ್ಮೆ ಮಹಾನಂದಾಳ ಮುಖ ನೋಡಿದಳು, ಒಮ್ಮೆ ದುಂಡವ್ವನ ಮುಖ ನೋಡಿದಳು, ಹೌದು ವಯಸ್ಸಾಯಿತು ಎಂದು ತಲೆಯಾಡಿಸಿದಳು. ಗಂಟು ಬಿಚ್ಚಿ ಬೀಜವನ್ನು ದುಂಡವ್ವನ ಮುಂದೆ ಚಾಚಿದಳು.

"ನನಗ ಬ್ಯಾಡ," ಎಂದಳು ದುಂಡವ್ವ. "ಬುರುಡಿ ಆಕಿ ಕೈಯಾಗ ಕೊಟ್ಟು ತುಂಬು. ಇನ್ನ ಮ್ಯಾಲ ಆಕೀನ ಹಿಡೀತಾಳ."

ಒಡತಿ ಜೀವಂತವಿರುವಾಗಲೇ ಕೈ ಬದಲಿಸಿದ ಬುರುಡೆ ಆ ಸೀಮೆಯಲ್ಲಿ ನಾನೊಂದೇ ಇರಬೇಕು. ಮಹಾನಂದಾ ನನ್ನನ್ನು ಎದೆಗೊತ್ತಿಕೊಂಡು ಅಲ್ಲೇ ನಿಂತು ಅತ್ತಳು. ಮುದುಕಿಯರಿಬ್ಬರೂ ಅವಳನ್ನು ನೋಡದವರಂತೆ ರಾಜಗಿರಿ ಸಸಿ ಕಿತ್ತು ತೆಳ್ಳಗೆ ಮಾಡತೊಡಗಿದರು.

ಆ ಮಳೆಗಾಲ ಕಾಯಿ ಬಿಟ್ಟಾಗ ಮಾಬೂಬಿ ಊಟಕ್ಕೆ ಬಂದಳು. ಆಮೇಲೆ ಬರುತ್ತಲೇ ಇದ್ದಳು. ದುಂಡವ್ವ ತೀರಿಕೊಂಡ ದಿನವೂ ಬಂದಳು, ಸಂಜೆಯವರೆಗೆ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದು ಎದ್ದು ಹೋದಳು.

ಈಗ ನನಗೆ ಮುಪ್ಪು. ಕತ್ತಿನಿಂದ ಹೊಟ್ಟೆಯವರೆಗೆ ಸೀಳು ಬಿಟ್ಟಿದೆ, ಬೂದಿ ಸೋರುತ್ತದೆ. ಮಹಾನಂದಾ ಬೀಜವನ್ನು ಈಗ ಗಾಜಿನ ಬಾಟಲಿಗಳಲ್ಲಿ ಹಾಕಿ ಬೇರೆ ಬೇರೆ ಮನೆಗಳಲ್ಲಿ ಇಡುತ್ತಾಳೆ. ನನ್ನನ್ನು ಬಿಸಾಡುತ್ತಾಳೆಂದುಕೊಂಡಿದ್ದೆ. ಈ ರೋಹಿಣಿ ಮಳೆಗೆ ಅವಳು ನನ್ನ ಕತ್ತು ಕೊಯ್ದು, ಹೊಟ್ಟೆಗೆ ಮಣ್ಣು ಗೊಬ್ಬರ ತುಂಬಿ, ಮುಳಗಾಯಿ ಬೀಜ ಉದುರಿಸಿ ಹಿತ್ತಲಲ್ಲಿ ಇಟ್ಟಳು. ಇಷ್ಟು ವರ್ಷ ಬೀಜ ನನ್ನೊಳಗೆ ಮಲಗಿದ್ದನ್ನು ಮಾತ್ರ ನಾನು ಬಲ್ಲೆ. ಅದು ಏಳುವ ಹೊತ್ತಿಗೆ ಯಾವಾಗಲೂ ಹೊರಗಿರುತ್ತಿತ್ತು, ನಾನು ಗೂಟದ ಮೇಲಿರುತ್ತಿದ್ದೆ. ನೀರು ಕುಡಿದು ನನ್ನ ಮೈ ಮೆತ್ತಗಾಗಿದೆ, ಮಳೆಗಾಲ ಮುಗಿಯುವುದರೊಳಗೆ ಕೊಳೆತು ಈ ಮಡಿಯ ಮಣ್ಣೇ ಆಗುತ್ತೇನೆ. ಅದಕ್ಕೆ ದುಃಖವಿಲ್ಲ.

ಇಂದು ಬೆಳಿಗ್ಗೆ ನನ್ನೊಳಗೆ ಏನೋ ಕಚಗುಳಿಯಿಟ್ಟಂತಾಯಿತು. ಮಣ್ಣು ಸೀಳಿ ಎಳೆಯ ಮೊಳಕೆಗಳು ಬಾಗಿದ ಕತ್ತನ್ನು ಮೆಲ್ಲಗೆ ನೆಟ್ಟಗೆ ಮಾಡುತ್ತಿದ್ದವು. ಮಹಾನಂದಾ ತಂಬಿಗೆ ಹಿಡಿದು ಬಂದವಳು ಮೊಣಕಾಲೂರಿ ಬಗ್ಗಿ ನೋಡಿದಳು. ಅವಳ ಬೈತಲೆಯಲ್ಲಿಯೂ ಈಗ ನಾಲ್ಕು ಬಿಳಿ ಕೂದಲಿವೆ.

"ಅತ್ತೀ, ಬಂದ್ವು ನೋಡ್ರಿ," ಎಂದಳು.

ಹಿತ್ತಲಲ್ಲಿ ನಾವಿಬ್ಬರಲ್ಲದೆ ಬೇರೆ ಯಾರೂ ಇರಲಿಲ್ಲ.