ಎರಡೇ ಪ್ರಶ್ನೆ

"ಈ ಕಂತ್ರಿಗೆ ಏನು ಬರುತ್ತೆ, ಒಂದ್ಸಲ ಮಾಡಿಸಿ ತೋರಿಸಮ್ಮ, ನೋಡೋಣ," ಎಂದ ಹೆಡ್‌ಮಾಸ್ತರ್ ಹ್ಯಾಸ್ಕೆಟ್, ಸರ್ಕಸ್ಸಿಗೆ ಟಿಕೀಟು ಕೊಂಡವನ ಹಾಗೆ ಕುರ್ಚಿಗೆ ಒರಗಿ.

ವರ್ಲೀನ್ ಕೋಳಿ ಕೊಯ್ಯುವ ಕಾರ್ಖಾನೆಯ ರಬ್ಬರ್ ಬೂಟಿನಲ್ಲೇ ನಿಂತಿದ್ದಳು. ನಾಯಿಯನ್ನು ಮಗಳ ಜೊತೆ ತರಗತಿಗೆ ಬಿಡಿ ಎಂದು ಕೇಳಲು ಬಂದವಳಿಗೆ ಕೂತ್ಕೋ ಅಂತ ಯಾರೂ ಅಂದಿರಲಿಲ್ಲ. ಪಕ್ಕದಲ್ಲಿ ಮಗಳು ನೀಕಾ. ನೀಕಾಳ ಪಾದದ ಮೇಲೆ ಗದ್ದವಿಟ್ಟು ಮಲಗಿದ್ದ ಜೋಳದ ಗಂಜಿ ಬಣ್ಣದ ನಾಯಿ ಗ್ರಿಟ್ಸ್.

"ಏನ್ ತೋರ್ಸ್ಲಿ ಸಾರ್? ಇವ್ಳಿಗೆ ಫಿಟ್ಸ್ ಬರೋಕ್ ಮುಂಚೆ ಇದು ಮಂಡಿಗೆ ಮೂತಿ ಒತ್ತುತ್ತೆ. ಮಗು ತಿಳ್ಕಂಡು ನೆಲುಕ್ಕೆ ಕುಂತ್ಕತದೆ, ತಲೆ ಒಡ್ಯಲ್ಲ. ಅದ್ನ ನೋಡ್ಬೇಕಾ? ಬೀಳವ್ವ ನೀಕಾ, ಸಾಹೇಬ್ರಿಗೆ ಬಾಯಿ ನೊರೆ ತೋರ್ಸು ಅನ್ಲಾ?"

ಹ್ಯಾಸ್ಕೆಟ್ ಮೂಗು ಮುಚ್ಚಿಕೊಂಡ, ಕೋಳಿ ನಾತಕ್ಕೋ ಮಾತಿಗೋ. "ಸರ್ಟಿಫಿಕೇಟ್ ಎಲ್ಲಿ?"

"ಅದ್ನ ಕೇಳಂಗಿಲ್ಲ. ಲಾಯರಮ್ಮ ಹೇಳವ್ರೆ, ಇಂಥ ನಾಯಿ ಬಗ್ಗೆ ಕಾನೂನ್ ಪ್ರಕಾರ ನೀವ್ ಕೇಳ್ಬೋದಾದ್ದು ಎರಡೇ ಪ್ರಶ್ನೆ. ಊನ ಐತೆ ಅಂತ ಬೇಕಾದ ನಾಯಾ? ಏನ್ ಕೆಲ್ಸ ಕಲ್ತೈತೆ? ಅಷ್ಟೇಯ. ಎರಡ್ಕೂ ಹೇಳಾಯ್ತು."

"ಓಹೋ, ಲಾಯ...ರಮ್ಮ!" ಅವಳ ದನಿಯನ್ನೇ ಎಳೆದು ಅಣಕಿಸಿದ. "ಹಗ್ಗ ಹಿಡಿಯೋರು ಯಾರು? ಈ ಮಗುವಿನ ಕೈಲಾಗಲ್ಲ. ನಮ್ಮ ಟೀಚರುಗಳು ಮುಟ್ಟಲ್ಲ. ದಿನಾ ನೀನೇ ಬಂದು ಕೂತ್ಕೋ. ಅಲ್ಲದೆ, ಮಕ್ಕಳು ನಾಯಿಗೆ ಹೆದರ್ತಾರೆ, ಅದನ್ನೂ ನೋಡಬೇಕಲ್ಲ?"

ಕಾರ್ಖಾನೆಯ ಮ್ಯಾನೇಜರೂ ಇವನೂ ಚರ್ಚಿನಲ್ಲಿ ಒಂದೇ ಬೆಂಚಿನವರು. ಪಾಳಿ ತಪ್ಪಿಸಿದರೆ ಕೆಲಸ ಹೋಗುತ್ತದೆಂದು ಇವನಿಗೆ ಗೊತ್ತಿಲ್ಲವೇ? ಬೋಳಿಮಗ ಮೊದಲೇ ಮಾತಾಡಿಕೊಂಡಿದ್ದಾನೆ ಅಂದುಕೊಂಡಳು ವರ್ಲೀನ್.

ಹೊರಗೆ ಸೀಟಿ ಕೇಳಿತು. ಹ್ಯಾಸ್ಕೆಟ್ ಎದ್ದು ಬಾಗಿಲು ತೆರೆದ. ಕರಿಯರ ಮಕ್ಕಳೇ ಹೆಚ್ಚಿದ್ದ ಆ ಶಾಲೆಗೆ ಆಗಾಗ ಪೊಲೀಸರ ನಾಯಿ ಬರುತ್ತಿತ್ತು, ಮಾದಕವಸ್ತು ಹುಡುಕಲು. ಮಕ್ಕಳೆಲ್ಲ ಗೋಡೆಗೆ ಮುಖ ಮಾಡಿ ನಿಂತರು. ಕರಡಿಯಂಥ ನಾಯಿ ಬ್ಯಾಗು ಮೂಸಿತು, ಊಟದ ಡಬ್ಬಿ ಮೂಸಿತು. ಪುಟ್ಟ ಹುಡುಗಿಯೊಬ್ಬಳ ಕಾಲುಚೀಲ ಒದ್ದೆಯಾಯಿತು. ಹ್ಯಾಸ್ಕೆಟ್ ಆ ನಾಯಿಯ ತಲೆ ನೇವರಿಸಿದ.

ವರ್ಲೀನ್ ಮಗಳ ಕೈ ಹಿಡಿದು ಹೊರಬಂದಳು.

"ಏಯ್! ಆ ಕಂತ್ರೀನ ಆಚೆ ಕಟ್ಟು. ನನ್ನ ನಾಯಿ ಕೆಲಸದಲ್ಲಿದೆ," ಎಂದ ಪೊಲೀಸಿನವನು.

ವರ್ಲೀನ್ ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡು ಅವನೆದುರು ನಿಂತಳು.

"ಎರಡೇ ಪ್ರಶ್ನೆ ಸ್ವಾಮಿ. ನಿಮ್ಗೆ ಯಾವ ಅಂಗ ಊನ ಆಗೈತೆ ಅಂತ ಈ ನಾಯಿ ಬೇಕು? ಮಕ್ಕಳ್ ಕೈಲಿ ಉಚ್ಚೆ ಉಯ್ಸೋದು ಬಿಟ್ಟು ಇನ್ನೇನ್ ಕೆಲ್ಸ ಕಲ್ತೈತೆ?"

ಗೋಡೆ ನೋಡುತ್ತಿದ್ದ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪೊಲೀಸಿನವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು.

ಆಗಲೇ ಗ್ರಿಟ್ಸ್ ತಲೆಯೆತ್ತಿ ನೀಕಾಳ ಮಂಡಿಗೆ ಮೂತಿ ಒತ್ತಿತು. ನೀಕಾ ಕಲಿತ ಹಾಗೆ ಮೆಲ್ಲಗೆ ನೆಲಕ್ಕೆ ಕೂತಳು.

"ಎದ್ದು ನಿಂತ್ಕೊಳ್ಳೇ! ಗೋಡೆಗೆ ತಿರುಗು!" ಎಂದು ಗದರಿದ ಪೊಲೀಸಿನವನು.

"ನಿಂತ್ಕಳಲ್ಲ," ಎಂದು ವರ್ಲೀನ್ ಬೂಟು ಚಾಚಿ ಅವಳ ಪಕ್ಕ ಕೂತು, ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡಳು.

ಆಚೆ ಕಾರ್ಖಾನೆಯ ಸೈರನ್ನು ಪಾಳಿಗೆ ಕರೆಯುತ್ತಿತ್ತು.