ಕಾಲಿಗೆಟುಕಿದ ಟ್ರ್ಯಾಕ್ಟರ್

“ಕಲ್ಲು! ಕಲ್ಲು ಕೊಡೇ ಬೇಗ!” ಎಂದು ಕೊಟ್ಟಿಗೆ ಪಕ್ಕದ ದಿಬ್ಬದ ಮೇಲಿಂದ ಗಂಡ ಕೂಗಿದ. ಹೆಂಡತಿ ಕೈಯಲ್ಲಿದ್ದ ಪೊರಕೆ ಬಿಸಾಕಿ, ಗೋಡೆಗೊರಗಿದ್ದ ದಪ್ಪ ಕಲ್ಲನ್ನು ಎದೆಗವಚಿಕೊಂಡು ಓಡಿಹೋಗಿ ಹೊಸ ಟ್ರ್ಯಾಕ್ಟರಿನ ಚಕ್ರದ ಮುಂದೆ ಇಟ್ಟಳು. ಇಟ್ಟು ಸೊಂಟ ನೆಟ್ಟಗೆ ಮಾಡಿದ ಮೇಲೆಯೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು.

“ಅಲ್ಲಾ, ಇದು ಕೀ ತಿರುಗಿಸಿದ್ರೆ ಚಾಲೂ ಆಗತ್ತಲ್ರೀ!” ಎಂದಳು ಅವಳು.

ಹಳೆಯ ಟ್ರ್ಯಾಕ್ಟರನ್ನು ಗುಜರಿಯವನು ಆ ಬೆಳಿಗ್ಗೆಯಷ್ಟೇ ಲಾರಿಗೇರಿಸಿಕೊಂಡು ಹೋಗಿದ್ದ. ಆನೆಯಂಥ ಗಾಡಿ. ಅದರ ಸ್ಟಾರ್ಟರ್ ಕೈಕೊಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಸಂಜೆ ದಿಬ್ಬ ಹತ್ತಿಸಿ ಚಕ್ರಕ್ಕೆ ಕಲ್ಲು ಕೊಡುವುದು, ಬೆಳಿಗ್ಗೆ ಕಲ್ಲು ತೆಗೆದು ಉರುಳಿಸಿ ಚಾಲೂ ಮಾಡುವುದು. ರಿಪೇರಿ ಮಾಡಿಸಿ ಎಂದರೆ, “ದಿಬ್ಬ ಪುಕ್ಕಟೆ ಇದೆಯಲ್ಲ” ಅನ್ನುತ್ತಿದ್ದ. ಪುಕ್ಕಟೆ ಸಿಕ್ಕಿದ್ದು ದಿಬ್ಬವಲ್ಲ, ಹೆಂಡತಿ.

ಕಲ್ಲು ಹೊತ್ತ ಅಷ್ಟೂ ವರ್ಷ ಅವಳಿಗಿದ್ದ ಆಸೆ ಒಂದೇ: ಒಂದು ಸಲ ಆ ಸೀಟಿನ ಮೇಲೆ ಕೂತು ತನ್ನ ಹೊಲವನ್ನು ತಾನೇ ಉಳಬೇಕು. ಯಾವ ಲಿವರ್ ಯಾವುದಕ್ಕೆಂದು ನೋಡಿ ನೋಡಿಯೇ ಕಲಿತಿದ್ದಳು. ಕೇಳಿದಾಗಲೆಲ್ಲ ಅವನದು ಒಂದೇ ಮಾತು, “ನಿನ್ನ ಕಾಲು ಎಟಕಲ್ಲ ಕಣೇ.” ಅದು ಸುಳ್ಳೂ ಅಲ್ಲ. ಒಮ್ಮೆ ಅವನಿಲ್ಲದಾಗ ಹತ್ತಿ ಕೂತು ನೋಡಿದ್ದಳು. ಕ್ಲಚ್ಚು ಗೇಣು ದೂರದಲ್ಲಿತ್ತು.

ಹೊಸದು ಪುಟಾಣಿ. ಹೊಲದ ಅರ್ಧಕ್ಕೆ ಹಣ್ಣಿನ ಗಿಡ ಹಾಕಿದ ಮೇಲೆ, ಅವುಗಳ ನಡುವೆ ತೂರಲೆಂದು ತಂದದ್ದು. ಅವಳ ತಮ್ಮ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಭಾವ, ಇದು ಬೆಳೆದು ದೊಡ್ಡದಾಗತ್ತಾ?” ಎಂದು ಕಾಲೆಳೆದು ಹೋಗಿದ್ದ.

ಈಗ ಚಕ್ರದ ಮುಂದಿನ ಕಲ್ಲು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಲ್ಲಿಡೋ ಕೆಲಸ ಹೋಯ್ತು ನಂದು. ಬೇರೆ ಕೆಲಸ ಕೊಡಿ,” ಎಂದಳು ಅವಳು.

ಅವನ ನಗು ನಿಂತಿತು. “ನಿನ್ನ ಕಾಲು…” ಎನ್ನುವಷ್ಟರಲ್ಲಿ ಅವಳು ಹತ್ತಿ ಕೂತಾಗಿತ್ತು. ಎರಡೂ ಪಾದ ಪೆಡಲುಗಳ ಮೇಲೆ ಸಲೀಸಾಗಿ ಕೂತವು. ಅವನು ಬಗ್ಗಿ ನೋಡಿದ, ಆಚೆ ಬದಿಗೆ ಹೋಗಿ ಅಲ್ಲಿಂದಲೂ ನೋಡಿದ. ಇಷ್ಟು ವರ್ಷ ಸೀಟು ಬಿಟ್ಟುಕೊಡದಿದ್ದುದಕ್ಕೆ ಕಾಲೊಂದೇ ಕಾರಣವಲ್ಲವೆಂದು ಅವನಿಗೂ ಗೊತ್ತಿತ್ತು. ಸ್ವಲ್ಪ ನಾಚಿಕೆಯೂ ಆಯಿತು.

“ಒಂದೇ ಸಾಲು. ನಾನು ಪಕ್ಕದಲ್ಲೇ ನಡೀತೀನಿ. ಹೇಳಿದ ಹಾಗೆ ಕೇಳ್ಬೇಕು.”

“ಆಯ್ತು ಗುರುಗಳೇ.”

ಅವನು ಕಲ್ಲು ತೆಗೆದು, ನೇಗಿಲು ಕಟ್ಟಿ, ಗಾಡಿಯನ್ನು ಹೊಲಕ್ಕಿಳಿಸಿ ಅವಳ ಕೈಗೆ ಕೊಟ್ಟ. ಗಾಡಿ ಎರಡು ಸಲ ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. “ನಿಧಾನಕ್ಕೆ ಬಿಡೇ ಕ್ಲಚ್ಚು!” ಎಂದ ಅವನು. ಮೂರನೆಯ ಸಲ ಹೊರಟಿತು. ನೇಗಿಲು ನೆಲಕ್ಕಿಳಿದು ತೇವದ ಮಣ್ಣು ಮಗುಚತೊಡಗಿದಾಗ ಅವಳು ಮುಂದೆ ನೋಡುವುದು ಬಿಟ್ಟು ಹಿಂದೆ ತಿರುಗಿ ಅದನ್ನೇ ನೋಡಿದಳು. ಸಾಲು ಮಾತ್ರ ಸೊಟ್ಟಂಬಟ್ಟ. “ಎಡಕ್ಕೆ! ಎಡಕ್ಕೆ!” ಎನ್ನುತ್ತ ಅವನು ಹೆಂಟೆಗಳ ಮೇಲೆ ಮುಗ್ಗರಿಸುತ್ತ ಪಕ್ಕದಲ್ಲಿ ಓಡಿದ.

ಬದುವಿನ ಹತ್ತಿರ ಅವಳು ನೇಗಿಲೆತ್ತಿ ಗಾಡಿ ತಿರುಗಿಸಿದಳು.

“ಒಂದು ಸಾಲಾಯ್ತಲ್ಲ, ಸಾಕು, ಇಳಿ!” ಎಂದು ಅವನು ಹಿಂದಿನಿಂದ ಕೂಗಿದ.

ಹೊಸ ಎಂಜಿನ್ನಿನ ಸದ್ದು ಅಂಥ ದೊಡ್ಡದೇನಲ್ಲ; ಅವಳಿಗೆ ಚೆನ್ನಾಗಿಯೇ ಕೇಳಿಸಿತು. ನೇಗಿಲು ಇಳಿಸಿ ಎರಡನೆಯ ಸಾಲು ಹಿಡಿದಳು.