ಸಾಹುಕಾರ ನಿಲ್ಲಲು ಕಲಿತದ್ದು

"ನಿಲ್ಲು ಅಂದ್ರೆ ನಿಲ್ಲಬೇಕಪ್ಪಾ, ಮಹರಾಯ!" ಎಂದು ಅವಳು ನಾಲ್ಕನೆಯ ಸಲ ಹೇಳಿದಳು. ಸಾಹುಕಾರ ನಾಲ್ಕನೆಯ ಸಲವೂ ಅವಳ ಮುಖ ನೋಡಿ, ಬಾಲದಿಂದ ನೆಲವನ್ನೊಮ್ಮೆ ಗುಡಿಸಿ, ಅಚ್ಚುಕಟ್ಟಾಗಿ ಕೂತುಕೊಂಡಿತು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಗಂಡ ನಕ್ಕ. ಲಕ್ವ ಹೊಡೆದ ಮೇಲೆ ಅವನ ನಗು ಬಾಯಿಯ ಬಲಗಡೆಗೆ ಮಾತ್ರ ಬರುತ್ತಿತ್ತು.

"ಅದನ್ನ ಯಾಕೆ ಬೈತೀಯ? ಕೂರೋದು ಕಲಿಸಿದೋನು ನಾನು. ಎಂಟು ತಿಂಗಳು ಕಲಿತದ್ದನ್ನ ಎಂಟು ನಿಮಿಷದಲ್ಲಿ ಮರೆತುಬಿಡು ಅಂದ್ರೆ ಹೆಂಗೆ ಮರೆಯುತ್ತೆ?"

"ನೀವು ಸುಮ್ನಿರಿ ಅಂದ್ರೆ. ನೀವು ಬಾಯಿ ಬಿಟ್ರೆ ಅದು ನಿಮ್ಮ ಕಡೆನೇ ನೋಡುತ್ತೆ."

ಅವನು ಹಳೇ ಪೇಪರೊಂದನ್ನು ಮುಖಕ್ಕೆ ಅಡ್ಡ ಹಿಡಿದ.

ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಇಪ್ಪತ್ತಾರು ವರ್ಷ ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸಾಗಿಸಿದವನು ಒಂದು ಬೆಳಗ್ಗೆ ಹಲ್ಲುಜ್ಜುತ್ತ ನಿಂತಿದ್ದಾಗಲೇ ಕುಸಿದ, ಎಡಭಾಗ ಸತ್ತುಹೋಗಿತ್ತು. ಆಸ್ಪತ್ರೆ, ವ್ಯಾಯಾಮ, ಗೋಡೆ ಹಿಡಿದು ಓಡಾಟ ಎಲ್ಲ ಆಗಿ ಕಾಲು ಅರ್ಧಂಬರ್ಧ ವಾಪಸು ಬಂತು. ಕೋಲು ತಂದುಕೊಟ್ಟರೆ ಮೂಲೆಗೆಸೆದ. ಹೆಂಡತಿ ತೋಳು ಕೊಟ್ಟರೆ, "ನನ್ನನ್ನೇನು ಮೆರವಣಿಗೆ ಮಾಡ್ತೀಯಾ?" ಎಂದು ಸಿಡುಕಿದ. ಕೊನೆಗೆ ಅವನ ಕೈ ಹಿಡಿದದ್ದು ಸಾಹುಕಾರ. ಅವನು ನಿಂತ ಕೂಡಲೇ ಅದು ಅವನ ಎಡಗಾಲಿಗೆ ಮೈಯೊತ್ತಿ ಕೂತುಬಿಡಬೇಕು. ಅವನು ಅದರ ಹೆಗಲಿಗೆ ಮೊಣಕಾಲು ಆನಿಸಿ ಸುಧಾರಿಸಿಕೊಳ್ಳಬೇಕು. "ನಡಿ" ಅಂದಾಗ ಏಳಬೇಕು. ಇದನ್ನು ಅವನಿಗೆ ಯಾವ ಡಾಕ್ಟರೂ ಹೇಳಿಕೊಟ್ಟಿರಲಿಲ್ಲ. ಮನುಷ್ಯನೂ ನಾಯಿಯೂ ಹಜಾರದಲ್ಲಿ ಬಿದ್ದು ಎದ್ದು ತಾವೇ ಕಂಡುಕೊಂಡದ್ದು. ಆಮೇಲೆ ದಿನಾ ಬೆಳಗ್ಗೆ ಇಬ್ಬರೂ ಗೇಟಿನ ಹತ್ತಿರ ಒಮ್ಮೆ, ಕರೆಂಟು ಕಂಬದ ಹತ್ತಿರ ಒಮ್ಮೆ, ಚರಂಡಿ ಚಪ್ಪಡಿಯ ಮೇಲೆ ಒಮ್ಮೆ ನಿಂತು, ಬೀದಿ ಕೊನೆಯ ಪೇಪರ್ ಅಂಗಡಿಗೆ ಹೋಗಿ ಬರುತ್ತಿದ್ದರು. ಕಂಕುಳಲ್ಲಿ ಪೇಪರು ಸಿಕ್ಕಿಸಿಕೊಂಡು ವಾಪಸು ಬರುವಾಗ ಅವನ ಮುಖ ನೋಡಬೇಕಿತ್ತು. ರಾಜ್ಯ ಗೆದ್ದು ಬಂದವನ ಹಾಗೆ ಇರುತ್ತಿತ್ತು.

ಸಾಹುಕಾರ ಬೀದಿಯ ನಾಯಿಯಲ್ಲ, ತಳಿಯ ಕಾಗದಪತ್ರ ಇರುವ ಲ್ಯಾಬ್ರಡಾರ್. ಅವನು ಲಿಫ್ಟ್ ನೋಡಿಕೊಳ್ಳುತ್ತಿದ್ದ ಕಟ್ಟಡದ ನಾಲ್ಕನೇ ಮಹಡಿಯಾಕೆ ಊರು ಬಿಡುವಾಗ ಮರಿಯನ್ನೂ ಆ ಕಾಗದಪತ್ರದ ಲಕೋಟೆಯನ್ನೂ ಅವನ ಕೈಗಿಟ್ಟು ಹೋಗಿದ್ದಳು. ಲಕೋಟೆಯಲ್ಲಿದ್ದ ಮಾರುದ್ದದ ಹೆಸರು ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಸೋಫಾದ ಮೇಲೆ ಹೊಟ್ಟೆ ಬಿಟ್ಟುಕೊಂಡು ಮಲಗುವ ಠೀವಿ ನೋಡಿ ಸಾಹುಕಾರ ಎಂದು ಕರೆದರು, ಲಕೋಟೆ ಬೀರು ಸೇರಿತು.

ಅದನ್ನು ಬೀರುವಿನಿಂದ ಹೊರಗೆ ತೆಗೆಸಿದವನು ಸೆಕ್ರೆಟರಿ. ನಾಯಿಗಳ ಆಹಾರ ಮಾರುವ ಅಂಗಡಿ ಅವನದು. ಊರಿನ ಶ್ವಾನ ಸಂಘಕ್ಕೂ ಅವನೇ ಕಾರ್ಯದರ್ಶಿ. ಮಾತಿನಲ್ಲಿ ಕಲ್ಲನ್ನೂ ಎಬ್ಬಿಸಿ ಕೂರಿಸುವ ಆಸಾಮಿ. ಅಂಗಡಿಯ ಗೋಡೆಗೆ "ನಿಮ್ಮ ಮನೆಯ ನಾಯಿಯೂ ಚಾಂಪಿಯನ್ ಆಗಬಹುದು!" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದ.

"ಅಕ್ಕಾ, ಇಂಥಾ ನಾಯಿನ ಮನೇಲಿ ಬಚ್ಚಿಟ್ಕೊಂಡಿದ್ದೀರಲ್ಲ, ನ್ಯಾಯಾನಾ ಇದು?" ಎಂದು, ಅವಳು ಸಾಹುಕಾರನನ್ನು ಕರೆದುಕೊಂಡು ಅಂಗಡಿಗೆ ಹೋದ ದಿನ, ಅವನು ಗಲ್ಲಾ ಬಿಟ್ಟು ಎದ್ದು ಬಂದಿದ್ದ. "ತಲೆ ನೋಡಿ, ಎದೆ ನೋಡಿ, ಬಾಲ ನೋಡಿ! ನಮ್ಮ ಸಂಘದ ನಾಯಿ ಶೋಗೆ ಹೇಳಿ ಮಾಡಿಸಿದ ಹಾಗಿದೆ. ಕಾಗದ ಇದೆಯಾ?"

"ಇದೆ. ಆದ್ರೆ ಶೋ ಗೀ ಅಂತ ನಮ್ಮಂಥೋರಿಗೆ ಯಾಕೆ?"

"ನೋಡಿ, ಎಲ್ರೂ ಇದನ್ನೇ ಹೇಳ್ತಾರೆ! ನಿಮ್ಮಂಥ ಮನೆಯೋರು ಬಂದ್ರೆ ತಾನೇ ಸಂಘ ಉಳಿಯೋದು? ಭಾನುವಾರ ಶಾಲೆ ಮೈದಾನಕ್ಕೆ ಬನ್ನಿ, ನಾನೇ ಹೇಳಿಕೊಡ್ತೀನಿ. ಶೋ ದಿನ ರಿಂಗಿನಲ್ಲಿ ನೀವು ನಾಯಿ ಜೊತೆ ಓಡ್ತಾ ಇದ್ರೆ ಜನ ಎದ್ದು ನಿಂತು ನೋಡ್ತಾರೆ, ಬರೆದಿಟ್ಕೊಳ್ಳಿ."

ಜನ ನೋಡುತ್ತಾರೆ ಎಂಬ ಆ ಒಂದು ಮಾತು ಅವಳನ್ನು ಹಿಡಿದುಹಾಕಿತು. ಅವಳದು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಹತ್ತೊಂಬತ್ತು ವರ್ಷದಿಂದ ಗಾಜಿನ ಹಿಂದೆ ಕೂತು, ಗಾಜಿನ ತೂತಿನೊಳಗೆ ತೂರಿಬರುವ ಕೈಗಳನ್ನು ಕಂಡಿದ್ದಳು. ಹೆಸರು, ವಯಸ್ಸು, ಏನು ತೊಂದರೆ, ಮುಂದಿನವರು. ಆ ಕೈಗಳ ಯಜಮಾನರು ಒಬ್ಬರಾದರೂ ಅವಳ ಮುಖ ನೋಡಿದ್ದುಂಟೆ? ಮನೆಗೆ ಬಂದರೆ ಔಷಧಿ, ಎಣ್ಣೆ ತಿಕ್ಕುವುದು, ಬಟ್ಟೆ. ಅವಳಿಗೆ ಆಸೆಯಾಯಿತು. ಐವತ್ತೆರಡರ ಹೆಂಗಸಿಗೆ ಆಸೆಯಾಗಬಾರದೆಂದು ಯಾರು ಹೇಳಿದರು?

ಮೈದಾನದಲ್ಲಿ ಮೊದಲ ದಿನವೇ ತಕರಾರು ಹೊರಬಿತ್ತು. ನಾಯಿ ಓಡಿ ಬಂದು ನಾಲ್ಕೂ ಕಾಲೂರಿ, ಕತ್ತೆತ್ತಿ, ಒಡತಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲಬೇಕು. ತೀರ್ಪುಗಾರ ಮೈಯೆಲ್ಲ ಮುಟ್ಟಿ ನೋಡಿದರೂ ಅಲುಗಬಾರದು. ಸಾಹುಕಾರ ಓಡಿತು, ಎಲ್ಲರೂ ಭಲೇ ಎಂದರು. ಅವಳು ನಿಂತಳು, ಅದು ಕಾಲಿಗೊತ್ತಿ ಕೂತಿತು.

"ಕೂತ್ರೆ ಕಥೆ ಮುಗೀತು, ಅಕ್ಕಾ," ಎಂದ ಸೆಕ್ರೆಟರಿ. "ಇದನ್ನ ಬಿಡಿಸಬೇಕು. ಶೋ ಮುಗಿಯೋ ತನಕ ಯಜಮಾನ್ರು ಇದನ್ನ ಹೊರಗೆ ಕರ್ಕೊಂಡು ಹೋಗೋದು ಬೇಡ. ಒಂದು ನಾಯಿಗೆ ಇಬ್ಬರು ಮೇಷ್ಟ್ರು ಆಗಲ್ಲ."

"ಅವ್ರು ಅದನ್ನ ನಂಬ್ಕೊಂಡೇ ಹೊರಗೆ ಕಾಲಿಡೋದು..."

"ಆರು ವಾರ ತಾನೇ? ಆಮೇಲೆ ಒಂದೇ ವಾರದಲ್ಲಿ ಮತ್ತೆ ಕೂರೋಕೆ ಕಲಿಸ್ಕೊಳ್ಳಿ. ನಾಯಿಗೆ ಅದೇನು ಮಹಾ ವಿದ್ಯೆ!"

ಈ ಮಾತನ್ನು ಗಂಡನ ಮುಂದಿಡಲು ಅವಳಿಗೆ ಮೂರು ದಿನ ಬೇಕಾಯಿತು. ಅವನು ಕೇಳಿಸಿಕೊಂಡು ತನ್ನ ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸುತ್ತ ಕೂತ.

"ಆರು ವಾರ ಅಂದನಾ?"

"ಹೂಂ. ಬೇಡ ಅಂದ್ರೆ ಬೇಡ ಬಿಡಿ. ನನಗೇನು ಅಂಥ..."

"ಬೇಕು ಅಂತ ಮುಖದ ಮೇಲೆ ಬರೆದಿದೆ ಕಣೇ. ಹೋಗು. ಆರು ವಾರ ನಾನು ಪೇಪರ್ ಓದದಿದ್ರೆ ಪ್ರಪಂಚ ನಿಂತುಹೋಗಲ್ಲ."

ಆ ಕ್ಷಣ ಅವಳು ಅವನ ಮುಖವನ್ನೊಮ್ಮೆ ಸರಿಯಾಗಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಗಿ, ಕಾಗದಪತ್ರ ತೆಗೆಯಲು ಬೀರುವಿನ ಕಡೆ ನಡೆದಿದ್ದಳು.

ಹೀಗೆ ಪಾಠ ಶುರುವಾಯಿತು. ಸೆರಗಿನ ಮರೆಯ ಚೀಲದಲ್ಲಿ ಒಣಗಿಸಿದ ಮಾಂಸದ ಚೂರು. ನಿಂತರೆ ಚೂರು, ಕೂತರೆ ಬೆನ್ನು ತಿರುಗಿಸುವುದು. ಮೊದಲೆರಡು ವಾರ ಸಾಹುಕಾರ ಕೂತು, ಬೆನ್ನು ನೋಡಿ, ಕುಂಯ್‌ಗುಟ್ಟಿ, ಕಿಟಕಿಯ ಪಕ್ಕದ ಕುರ್ಚಿಯ ಹತ್ತಿರ ನ್ಯಾಯ ಕೇಳಲು ಹೋಗುತ್ತಿತ್ತು. ಗಂಡ ಅದನ್ನು ಮುಟ್ಟುತ್ತಿರಲಿಲ್ಲ. "ಹೋಗೋ, ನನ್ನ ಹತ್ರ ಏನಿದೆ? ಅಲ್ಲಿ ಹೋಗು," ಎಂದು ಅವಳ ಕಡೆ ಕಳಿಸುತ್ತಿದ್ದ. ಐದನೆಯ ವಾರ ಒಂದು ದಿನ ಅದು ನಿಂತಿತು. ಅವಳು ಒಂದರಿಂದ ಅರವತ್ತರವರೆಗೆ ಎಣಿಸಿದರೂ ಕದಲಲಿಲ್ಲ. ಗಂಡ ಬಲಗೈಯಿಂದ ತೊಡೆ ತಟ್ಟಿ ಚಪ್ಪಾಳೆ ಹೊಡೆದ. ಅಷ್ಟು ಹೊತ್ತಿಗೆ ಅವನು ಹಜಾರದಲ್ಲಿ ನಡೆಯುವುದನ್ನೂ ಕಡಿಮೆ ಮಾಡಿದ್ದ. ಅವಳು ಅದನ್ನು ಗಮನಿಸಿದ್ದಳು. ಶೋ ಒಂದು ಮುಗಿಯಲಿ ಎಂದುಕೊಂಡಿದ್ದಳು.

ಶೋ ದಿನ ತೋಳಿಗೆ ನಂಬರು ಕಟ್ಟಿಕೊಂಡು, ಇಸ್ತ್ರಿ ಸೀರೆಯಲ್ಲಿ, ಹೊಸ ಬೂಟಿನಲ್ಲಿ ಅವಳು ರಿಂಗಿಗೆ ಇಳಿದಳು. ಲ್ಯಾಬ್ರಡಾರ್ ಗಂಡುಗಳು ಒಟ್ಟು ಐದು. ಸುತ್ತ ಹಾಕಿದ್ದ ಕುರ್ಚಿಗಳಿಂದ ಜನ ನಿಜವಾಗಿಯೂ ನೋಡುತ್ತಿದ್ದರು. ಓಡುವಾಗ ಅವಳಿಗೆ ಮಂಡಿ ನೋವು ಮರೆತುಹೋಯಿತು, ಚೀಟಿ ಕೌಂಟರು ಮರೆತುಹೋಯಿತು. ಸುಳ್ಳೇಕೆ, ಮನೆಯಲ್ಲಿ ಕಿಟಕಿಯ ಪಕ್ಕ ಕೂತ ಗಂಡನೂ ಮರೆತುಹೋದ. ಸಾಹುಕಾರ ನಿಂತಿತು. ತೀರ್ಪುಗಾರ ಅದರ ಹಲ್ಲು ನೋಡಿದ, ಬೆನ್ನು ಸವರಿದ, ಎರಡು ಹೆಜ್ಜೆ ಹಿಂದೆ ಸರಿದು ತಲೆಯನ್ನೊಂದು ಪಕ್ಕಕ್ಕೆ ಓರೆ ಮಾಡಿದ.

"ಒಳ್ಳೇ ನಾಯಿ, ಅಮ್ಮ. ಆದ್ರೆ ತನ್ನ ಕಾಲ ಮೇಲೆ ತಾನು ನಿಲ್ಲಲ್ಲ ಇದು. ನೋಡಿ, ಮೈಯನ್ನ ಬಲಕ್ಕೆ ವಾಲಿಸುತ್ತೆ, ಯಾರಿಗೋ ಆತುಕೊಂಡ ಹಾಗೆ. ಯಾಕೆ?"

ಯಾಕೆಂದು ಅವಳಿಗೆ ಗೊತ್ತಿತ್ತು. "ಗೊತ್ತಿಲ್ಲ ಸಾರ್," ಎಂದಳು.

ಐದರಲ್ಲಿ ಐದನೆಯ ಸ್ಥಾನ ಬಂತು. ಅದಕ್ಕೂ ಒಂದು ರಿಬ್ಬನ್ ಕೊಟ್ಟರು. ಗೆದ್ದದ್ದು ಸೆಕ್ರೆಟರಿಯ ತಮ್ಮನ ನಾಯಿ. ಸೆಕ್ರೆಟರಿ ಮುಖ ಊರಗಲ ಮಾಡಿಕೊಂಡು ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಉಪಕಾರ ಮರೆಯಲ್ಲ, ಅಕ್ಕಾ! ಐದು ನಾಯಿ ಸೇರದಿದ್ರೆ ಚಾಂಪಿಯನ್ ಸರ್ಟಿಫಿಕೇಟ್ ಕೊಡೋ ಹಾಗಿಲ್ಲ, ನಮ್ಮ ಸಂಘದ ನಿಯಮ. ಎಲ್ಲಿ ಹುಡುಕಿದ್ರೂ ನಾಲ್ಕೇ ಆಗ್ತಿತ್ತು. ನೀವು ಬರದೇ ಇದ್ದಿದ್ರೆ ನನ್ನ ತಮ್ಮನ ಒಂದು ವರ್ಷದ ಶ್ರಮ ನೀರಲ್ಲಿ ಹೋಗ್ತಿತ್ತು."

ಅವನಿಗೆ ಇದರಲ್ಲಿ ಮುಚ್ಚುಮರೆ ಮಾಡುವಂಥದ್ದು ಏನೂ ಕಾಣಲಿಲ್ಲ. ಬಾಯ್ತುಂಬ ಹೇಳಿದ, ಮುಂದಿನ ಶೋಗೂ ಬರಬೇಕೆಂದ, ಫೋಟೋ ತೆಗೆಸಿಕೊಳ್ಳಲು ಓಡಿದ. ಅವಳು ರಿಬ್ಬನ್ ಹಿಡಿದುಕೊಂಡು ಪೆಂಡಾಲಿನ ಕಂಬಕ್ಕೊರಗಿದಳು. ಎಂಥ ಪೆದ್ದಿ ನಾನು ಅನ್ನಿಸಿತು. ಲೆಕ್ಕ ಭರ್ತಿಗೆ ಕರೆದಿದ್ದಾರೆ, ನಾನು ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ಬಂದಿದ್ದೇನೆ.

"ಏನಂದ್ರು?" ಎಂದು ಗಂಡ, ಅವಳು ಮನೆ ಬಾಗಿಲಲ್ಲಿರುವಾಗಲೇ ಕೇಳಿದ.

"ಒಳ್ಳೇ ನಾಯಿ ಅಂದ್ರು."

"ಮತ್ತೆ? ನಾನು ಹೇಳ್ಲಿಲ್ವಾ!" ಎಂದು ಅವನು ರಿಬ್ಬನನ್ನು ತನ್ನ ಕುರ್ಚಿಯ ತೋಳಿಗೆ ಕಟ್ಟಿಸಿಕೊಂಡ. ಅದರ ಮೇಲಿದ್ದ ಅಂಕಿಯ ಬಗ್ಗೆ ಏನೂ ಕೇಳಲಿಲ್ಲ.

ಇನ್ನೊಂದು ವಾರ ತಡೆಯಿರಿ, ಮೊದಲು ನಾನು ಕೂರಿಸುವುದನ್ನು ಕಲಿಸುತ್ತೇನೆ ಎಂದು ಅವಳು ಹೇಳಿದ್ದಳು. ಮಾರನೆಯ ಬೆಳಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ಅವನು ಸಾಹುಕಾರನ ಪಟ್ಟಿ ಹಿಡಿದು ಹೊರಟುಬಿಟ್ಟ. ಆರು ವಾರ ತಡೆದಿದ್ದವನು, ಇನ್ನೆಷ್ಟು ತಡೆದಾನು? ಒದ್ದೆ ಕೂದಲಲ್ಲಿ ಅವಳು ಹೊರಗೋಡಿ ಬರುವಷ್ಟರಲ್ಲಿ ಅವನು ಗೇಟು ದಾಟಿ ಕಂಬದ ಹತ್ತಿರವಿದ್ದ. ಕೂಗಿದರೆ ಬೆಚ್ಚಿ ಬಿದ್ದಾನೆಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ನಿಂತ. ಸಾಹುಕಾರ ಒಂದು ಹೆಜ್ಜೆ ಮುಂದೆ ಹೋಗಿ, ನಾಲ್ಕೂ ಕಾಲೂರಿ, ಕತ್ತೆತ್ತಿ ನಿಂತಿತು. ಅವನ ಮೊಣಕಾಲು ಹೆಗಲನ್ನು ಹುಡುಕಿತು. ಹೆಗಲಿರಬೇಕಾದಲ್ಲಿ ಏನೂ ಇರಲಿಲ್ಲ. ಅವನು ಪಕ್ಕಕ್ಕೆ, ಕೈಯೂರಲೂ ಆಗದೆ, ಮೂಟೆ ಉರುಳಿದಂತೆ ಉರುಳಿದ. ನಾಯಿ ಅಲುಗಲಿಲ್ಲ. ಏನೇ ಆದರೂ ಅಲುಗಬಾರದೆಂದು ಅವಳೇ ಕಲಿಸಿದ್ದಳು.

ಪೇಪರ್ ಅಂಗಡಿಯವನು ಓಡಿ ಬಂದು ಎತ್ತಿದ. ಮೂಳೆ ಮುರಿದಿರಲಿಲ್ಲ; ಅಂಗೈ ತರಚಿತ್ತು, ಕೆನ್ನೆಗೆ ಮಣ್ಣು ಮೆತ್ತಿತ್ತು.

"ಚೆನ್ನಾಗಿ ಕಲಿಸಿದ್ದೀಯ ಕಣೇ," ಎಂದ ಗಂಡ. ವ್ಯಂಗ್ಯಕ್ಕೆ ಹೇಳಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಅವನು ಮೆಚ್ಚಿಯೇ ಹೇಳಿದ್ದ.

ಗಾಯ ಮಾಗಿತು. ಅವನು ಹೊರಗೆ ಕಾಲಿಡಲಿಲ್ಲ. ಅವಳು ಬೇಡಿಕೊಂಡಳು, ಜಗಳವಾಡಿದಳು, ಒಮ್ಮೆ ಅತ್ತೂಬಿಟ್ಟಳು.

"ಅದು ಕಲಿಯುತ್ತೆ ರೀ, ನಾನು ಕಲಿಸ್ತೀನಿ."

"ಅದು ಕಲಿಯುತ್ತೆ. ನನ್ನ ಕಾಲು ನಂಬಬೇಕಲ್ಲ?" ಎಂದು ಅವನು ಪೇಪರು ಮಗುಚಿದ. ಪೇಪರನ್ನು ಈಗ ಅವಳೇ ತರುತ್ತಿದ್ದಳು.

ಆದರೂ ಅವಳು ಬಿಡಲಿಲ್ಲ. ಚೀಲದಲ್ಲಿ ಮತ್ತೆ ಮಾಂಸದ ಚೂರು ತುಂಬಿಕೊಂಡಳು. ಕೂತರೆ ಚೂರು, ನಿಂತರೆ ಬೆನ್ನು. ಸಾಹುಕಾರನಿಗೆ ತಲೆ ಕೆಟ್ಟುಹೋಯಿತು. ಅರ್ಧ ಕೂರುವುದು, ಎದ್ದು ನಿಲ್ಲುವುದು, ಅವಳ ಮುಖ ನೋಡಿ ಆಕಳಿಸುವುದು. ಹನ್ನೆರಡನೆಯ ದಿನ ಅವಳಿಗೆ ಹೊಳೆಯಿತು: ತಾನು ನೆಟ್ಟಗೆ ನಡೆದರೆ ಅದಕ್ಕೆ ಏನು ತಿಳಿಯಬೇಕು? ಅದು ಕಲಿತದ್ದು ಅವನ ನಡಿಗೆಯನ್ನು.

ಭಾನುವಾರ ಬೆಳಗ್ಗೆ ಅವಳು ಅದನ್ನು ಬೀದಿಗೆ ಕರೆದೊಯ್ದು ಎಡಗಾಲು ಎಳೆಯತೊಡಗಿದಳು. ಪಾದದ ಹೊರ ಅಂಚು ನೆಲಕ್ಕೆ ಉಜ್ಜಬೇಕು, ಸೊಂಟ ಮೇಲೆದ್ದು ಬೀಳಬೇಕು, ಎಡಗೈ ಹೊಟ್ಟೆಗೆ ಮಡಚಿರಬೇಕು, ಪ್ರತಿ ಹೆಜ್ಜೆಗೂ ಬಾಯಿ ಬಲಕ್ಕೆ ಸೊಟ್ಟಗಾಗಬೇಕು. ಎರಡು ವರ್ಷ ಅವನನ್ನು ನೋಡಿದವಳಿಗೆ ಒಂದೂ ತಪ್ಪಲಿಲ್ಲ. ಎದುರು ಮನೆಯ ಮಕ್ಕಳು ನಕ್ಕರು, ನಗಲಿ ಎಂದುಕೊಂಡಳು. ಕಂಬದ ಹತ್ತಿರ ಉಸಿರು ದೊಡ್ಡದಾಗಿ ಬಿಟ್ಟು ನಿಂತಳು. ಸಾಹುಕಾರ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿತು. ಬಾಲವನ್ನೊಮ್ಮೆ ಆಡಿಸಿತು. ಆಮೇಲೆ ಅವಳ ಎಡಗಾಲಿಗೆ ಮೈಯೊತ್ತಿ ಭದ್ರವಾಗಿ ಕೂತುಕೊಂಡಿತು.

"ರೀ! ನೋಡಿದ್ರಾ? ಕೂತ್ಕೊಂಡಿತು!" ಎಂದು ಅವಳು ಖುಷಿ ತಡೆಯಲಾರದೆ ಮನೆಯ ಕಡೆ ತಿರುಗಿದಳು.

ಅವನು ಕಿಟಕಿಯಲ್ಲಿದ್ದ, ಮೊದಲಿಂದಲೂ ಅಲ್ಲೇ ಇದ್ದು ಎಲ್ಲವನ್ನೂ ನೋಡಿದ್ದ. ತಾನು ಹೇಗೆ ನಡೆಯುತ್ತೇನೆ ಎಂದು ಅವನು ಇದುವರೆಗೂ ಕಂಡವನಲ್ಲ. ಬಲಗೈಯಿಂದ ಕಿಟಕಿಯ ಚೌಕಟ್ಟನ್ನು ಹಿಡಿದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಳ್ಳಲು ಹೆಣಗುತ್ತಿದ್ದ. ಕುರ್ಚಿ ಸ್ವಲ್ಪ ಸ್ವಲ್ಪವೇ ತಿರುಗಿ ಕೊನೆಗೆ ಅವನ ಬೆನ್ನು ಮಾತ್ರ ಕಂಡಿತು.

ಅವಳು ಮಡಚಿದ ಎಡಗೈಯನ್ನು ಬಿಡಿಸುವುದನ್ನೂ ಮರೆತು ಕಂಬದ ಪಕ್ಕದಲ್ಲೇ ನಿಂತಿದ್ದಳು. ಸಾಹುಕಾರ ಅವಳ ಕಾಲಿಗೆ ಇನ್ನಷ್ಟು ಒತ್ತಿಕೊಂಡು, "ನಡಿ" ಅನ್ನುವುದನ್ನು ಕಾಯುತ್ತ ಕೂತಿತ್ತು.